ವಾಸಿಸುವವಳೇ ಮನೆಯೊಡತಿ

ಕಾಗೋಡಿನ ಗೇಣಿದಾರರು 1951ರಲ್ಲಿ ಹೋರಾಟಕ್ಕಿಳಿದ ಕಾಲದಿಂದ ನಮ್ಮ ನಾಡು ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ಕೇಳುತ್ತ ಬಂದಿದೆ. ದೇವರಾಜ ಅರಸರ ಸರ್ಕಾರ 1974ರಲ್ಲಿ ಅದಕ್ಕೆ ಕಾಯ್ದೆಯ ಬಲ ಕೊಟ್ಟಿತು. ಅದೇ ಧಾಟಿಯಲ್ಲಿ ಇತ್ತೀಚೆಗೆ ಇನ್ನೊಂದು ಘೋಷಣೆ ಹುಟ್ಟಿತು: ‘ವಾಸಿಸುವವನೇ ಮನೆಯ ಒಡೆಯ’. ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಕಲಮು ಸೇರಿ 2017ರಲ್ಲಿ ಜಾರಿಗೆ ಬಂತು. ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಹಾಡಿ, ದೊಡ್ಡಿ, ಪಾಳ್ಯಗಳಲ್ಲಿ ತಲೆಮಾರುಗಳಿಂದ ಇನ್ನೊಬ್ಬರ ಹೆಸರಿನ ನೆಲದಲ್ಲಿ ಮನೆ ಕಟ್ಟಿಕೊಂಡು, ‘ನಮ್ಮದು’ ಎಂದು ತೋರಿಸಲು ಒಂದು ಚೀಟಿಯೂ ಇಲ್ಲದೆ ಬದುಕಿದವರಿಗೆ ಹಕ್ಕುಪತ್ರ ಸಿಗುವ ದಾರಿ ಅದರಿಂದ ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮೇಲ್ಪಟ್ಟು, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಹಕ್ಕುಪತ್ರಗಳನ್ನು ಹಂಚಿದರು. ಒಂದು ಪಕ್ಷ ಕೊಟ್ಟಿತು, ಇನ್ನೊಂದೂ ಕೊಟ್ಟಿತು. ಇಬ್ಬರಿಗೂ ಕೈ ಮುಗಿಯೋಣ.

ಕೈ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬಹುದಲ್ಲ? ಹೊಲದಲ್ಲಿ ಕಳೆ ಕಿತ್ತವಳು ಹೆಂಗಸು, ಘೋಷಣೆಯಲ್ಲಿ ಉಳುವವನು ಗಂಡಸು. ಸರಿ, ನೇಗಿಲು ಹಿಡಿದವನು ಅವನೇ ಎಂದು ಅದನ್ನಾದರೂ ಬಿಟ್ಟುಕೊಡೋಣ. ಆದರೆ ಮನೆಯಲ್ಲಿ ‘ವಾಸಿಸುವವನು’ ಯಾರು? ಬೆಳಗಿನ ಜಾವ ಎದ್ದು ಬಾಗಿಲಿಗೆ ನೀರು ಹಾಕುವುದು, ನೆಲ ಸಾರಿಸುವುದು, ಒಲೆ ಹಚ್ಚುವುದು, ಕಾಯಿಲೆ ಬಿದ್ದವರ ಮಗ್ಗುಲಲ್ಲಿ ರಾತ್ರಿ ಕೂರುವುದು ಯಾರು? ಮನೆಯಲ್ಲಿ ಹೆಚ್ಚು ಹೊತ್ತು ಇರುವವಳು ಅವಳು. ಮನೆಯಿಂದ ಹೊರಗೆ ಹೋಗು ಎಂದು ಸುಲಭವಾಗಿ ಹೇಳಿಸಿಕೊಳ್ಳುವವಳೂ ಅವಳೇ.

ನನ್ನ ವಾದ ಇಷ್ಟೇ. ಮನೆ ಎಷ್ಟು ಚದರ, ತಾರಸಿಯೋ ಶೀಟೋ, ಯಾವ ಯೋಜನೆಯದು ಎಂದು ಲೆಕ್ಕ ಹಾಕುವ ಮೊದಲು, ಆ ಮನೆಯಿಂದ ಯಾರನ್ನು ಹೊರಗೆ ಹಾಕಲು ಸಾಧ್ಯ ಎಂದು ಕೇಳಬೇಕು. ಯಾರೂ ಹೊರಗೆ ಹಾಕಲಾಗದ ಜಾಗ ಇದ್ದರೆ ಅದು ಮನೆ. ಉಳಿದದ್ದೆಲ್ಲ ತಂಗುದಾಣ. ಈ ಅಳತೆಗೋಲು ಹಿಡಿದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಒಮ್ಮೆ ಸುತ್ತಿ ಬರೋಣ. ನಾಲ್ಕೂ ಮಧುಗಿರಿ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು, ಮಳೆ ಕಡಿಮೆಯ ಸೀಮೆ.

ಈ ಸೀಮೆಯಲ್ಲಿ ಓಡಾಡಿದವರಿಗೆ ಗೊಲ್ಲರಹಟ್ಟಿಗಳು ಗೊತ್ತಿರುತ್ತವೆ. ಕಾಡುಗೊಲ್ಲರು ಕುರಿ ಕಾಯ್ದು ಬದುಕಿದವರು; ಜುಂಜಪ್ಪನ ಕಥೆಯನ್ನು ಗಣೆಯ ನಾದದ ಜೊತೆ ಇವತ್ತಿನವರೆಗೆ ಕಾಪಾಡಿಕೊಂಡು ಬಂದವರು. ಅವರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸು ಹಟ್ಟಿಯ ಹೊರಗೆ ಇರಬೇಕು, ಹೆತ್ತ ಬಾಣಂತಿ ಹಸುಗೂಸಿನೊಡನೆ ಹೊರಗಿನ ಗುಡಿಸಲಿನಲ್ಲಿ ದಿನ ಎಣಿಸಬೇಕು ಎಂಬ ಕಟ್ಟಳೆ ಬಹಳ ಕಾಲದಿಂದ ಬಂದಿದೆ. ಓದಿದ ಹೆಣ್ಣುಮಕ್ಕಳು ಇದನ್ನು ಬಿಡಿಸಿದ ಹಟ್ಟಿಗಳಿವೆ, ಬಿಡಿಸಲಾಗದವೂ ಇವೆ. 2023ರ ಜುಲೈನಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹೀಗೆ ಊರ ಹೊರಗಿನ ಗುಡಿಸಲಿನಲ್ಲಿ ಮಳೆಗೆ ಥಂಡಿಗೆ ಸಿಕ್ಕ ಕೂಸೊಂದು ತೀರಿಹೋಯಿತು. ಅದೇ ವರ್ಷ ಗುಬ್ಬಿ ತಾಲ್ಲೂಕಿನಲ್ಲಿ ನ್ಯಾಯಾಧೀಶೆಯೊಬ್ಬರು ತಾವೇ ಹಟ್ಟಿಗೆ ಹೋಗಿ, ಹೊರಗಿದ್ದ ಬಾಣಂತಿಯನ್ನು ಅವಳ ಮನೆಯೊಳಗೆ ಸೇರಿಸಿ ಬಂದರು. ತನ್ನ ಮನೆಗೆ ತಾನು ಹೋಗಲು ಒಬ್ಬ ಹೆಂಗಸಿಗೆ ನ್ಯಾಯಾಧೀಶರ ಕಾವಲು ಬೇಕಾಯಿತು!

ಕಾನೂನು ಇಲ್ಲವೇ? ಇದೆ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕದ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಬೇರೆ ಇಡುವುದು, ಊರೊಳಗೆ ಬರದಂತೆ ತಡೆಯುವುದು ಅದರ ಪ್ರಕಾರ ಅಪರಾಧ. ಹಾಗಿದ್ದೂ ಇದೇ ಸರ್ಕಾರದ ಹಣದಲ್ಲಿ ಹಲವು ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ಗಳು ಎದ್ದವು. ಹೆಸರು ಚೆನ್ನಾಗಿದೆ. ಹೇಗೂ ಹೊರಗೆ ಇರುತ್ತಾರಲ್ಲ, ಮಳೆಯಲ್ಲಿ ನೆನೆಯುವ ಬದಲು ಗೋಡೆಯ ಆಸರೆಯಲ್ಲಾದರೂ ಇರಲಿ ಎಂಬುದು ಕಟ್ಟಿಸಿದವರ ಕನಿಕರ. ಆ ಕನಿಕರವನ್ನು ನಾನು ಅನುಮಾನಿಸುವುದಿಲ್ಲ. ಆದರೆ ನೋಡಿ, ಕಾಯ್ದೆ ಒಂದು ಕೈಯಲ್ಲಿ ‘ಹೊರಗೆ ಹಾಕಬೇಡಿ’ ಎನ್ನುತ್ತದೆ. ಇನ್ನೊಂದು ಕೈ ಹೊರಗೆ ಹಾಕುವುದಕ್ಕೆ ಸಿಮೆಂಟು ಕಲಸುತ್ತದೆ. ಗುಡಿಸಲನ್ನಾದರೂ ಒಂದು ದಿನ ಕಿತ್ತು ಹಾಕಬಹುದು. ಕಟ್ಟಡವಾಗಿ ನಿಂತದ್ದನ್ನು ಯಾರು ಕೀಳುತ್ತಾರೆ? ಅಷ್ಟು ಹಣವನ್ನು ಆ ಹಟ್ಟಿಯ ಮನೆಗಳಿಗೆ ಒಂದೊಂದು ಬಚ್ಚಲು, ಒಂದೊಂದು ಶೌಚಾಲಯ ಕಟ್ಟಲು ಕೊಟ್ಟು, ‘ಇನ್ನು ಒಳಗೇ ಇರಿ’ ಎಂದು ಹೇಳಿದ್ದರೆ ಹೆಂಗಸರ ಪಾಲಿಗೆ ಅದೇ ನಿಜವಾದ ವಸತಿ ಯೋಜನೆಯಾಗುತ್ತಿತ್ತು.

ಪೇಟೆಯಲ್ಲಿರುವ ನಾವು ‘ಅಯ್ಯೋ ಪಾಪ, ಹಟ್ಟಿಯವರು’ ಎಂದು ಪುಟ ತಿರುವುವ ಹಾಗಿಲ್ಲ. ನಮ್ಮ ಅಮ್ಮ, ಅಜ್ಜಿಯರು ಹಿತ್ತಿಲ ಬಾಗಿಲ ಬಳಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಮೂರು ದಿನ ಕೂತವರೇ. ಜಾತಿ ಮೇಲೇರಿದ ಹಾಗೆ ಗುಡಿಸಲು ಹಿತ್ತಿಲಾಯಿತು, ಹಿತ್ತಿಲು ಮೂಲೆಯ ಕೋಣೆಯಾಯಿತು. ಮನೆ ಅವಳದಲ್ಲ ಎಂದು ತಿಂಗಳಿಗೊಮ್ಮೆ ನೆನಪಿಸುವ ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ.

ಇದು ಕಟ್ಟಳೆ ಹೊರಗೆ ಹಾಕುವ ಬಗೆ. ಕಾಗದ ಹೊರಗೆ ಹಾಕುವ ಬಗೆ ಇನ್ನೂ ಸದ್ದಿಲ್ಲದ್ದು. ಅದನ್ನು ನೋಡಬೇಕಾದರೆ ಪಾವಗಡಕ್ಕೆ ಹೋಗಬೇಕು.

ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಫಲಕಗಳು ಹರಡಿಕೊಂಡಿವೆ. 2018ರಲ್ಲಿ ಆರಂಭವಾದ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ ಎಂದು ಒಪ್ಪಂದ. ಬರದಲ್ಲಿ ಕಡಲೆಕಾಯಿ ಬಿತ್ತಿ ಬೀಜದ ಹಣವೂ ಹುಟ್ಟದೆ ಕೂತ ರೈತನಿಗೆ ಇದು ಒಳ್ಳೆಯದೇ. ಆದರೆ ಆ ಹಣ ಯಾರ ಕೈಗೆ ಬರುತ್ತದೆ? ಪಹಣಿಯಲ್ಲಿ ಹೆಸರಿದ್ದವರ ಕೈಗೆ. ಆ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವಳಿಗೆ ಪಹಣಿಯೂ ಇಲ್ಲ, ಈಗ ಕೂಲಿಯೂ ಇಲ್ಲ. ಹೊಲ ಇದ್ದವನ ಹೆಂಡತಿಗೂ, ಗಂಡ ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಹೆಸರಿನಲ್ಲಿ ಏನಿದೆ, ಗಂಡನದು ಹೆಂಡತಿಯದು ಬೇರೆ ಬೇರೆಯೇ?’ ಎನ್ನುವವರಿಗೆ ಪಾವಗಡ ಉತ್ತರ ಕೊಟ್ಟಿದೆ. ಹೆಸರಿನಲ್ಲಿ ಎಕರೆಗೆ 21,000 ರೂಪಾಯಿ ಇದೆ.

ಹೊಲಕ್ಕೆ ನಿಜವಾದದ್ದು ಮನೆಗೂ ನಿಜ. ಮಣ್ಣಿನ ಗೋಡೆ ಮಳೆಗೆ ಕುಸಿದಾಗ ಪರಿಹಾರದ ಅರ್ಜಿ ಹಿಡಿದು ಹೋದರೆ ಮೊದಲ ಪ್ರಶ್ನೆ, ‘ಖಾತೆ ಯಾರ ಹೆಸರಿನಲ್ಲಿದೆ?’ ಸಾಲ ಕೇಳಿದರೆ ಅದೇ ಪ್ರಶ್ನೆ. ಗಂಡ ತೀರಿಕೊಂಡ ತಿಂಗಳಿಗೆ ಮೈದುನಂದಿರು ಕೇಳುವುದೂ ಅದೇ ಪ್ರಶ್ನೆ.

ಕಾನೂನು ಇಲ್ಲಿಯೂ ನಮ್ಮ ಪರವಾಗಿಯೇ ಇದೆ, ನಾವೇ ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟಿದ್ದೇವೆ. ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಎಂದಿತು. ದೇಶಕ್ಕೆ ಆ ಬುದ್ಧಿ ಬಂದದ್ದು 2005ರಲ್ಲಿ. ಆದರೂ ಅಣ್ಣ ಒಂದು ಸೀರೆ ಕೊಟ್ಟು, ‘ಅರಿಶಿನ ಕುಂಕುಮಕ್ಕೆ ಇರಲಿ ಕಣಮ್ಮ, ಇಲ್ಲೊಂದು ಸಹಿ ಹಾಕು’ ಎಂದರೆ ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಬರುತ್ತಾಳೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ತವರಿನಲ್ಲಿ ಕೊಟ್ಟ ಹೆಣ್ಣು, ಗಂಡನ ಮನೆಯಲ್ಲಿ ಬಂದ ಹೆಣ್ಣು. ಇದ್ದ ಹೆಣ್ಣು ಅನ್ನಿಸಿಕೊಳ್ಳುವುದು ಎಲ್ಲಿ?

ಗಂಡನ ಮನೆಯ ವಿಚಾರದಲ್ಲಿ ತಿಳಿದಿರಬೇಕಾದ ಇನ್ನೊಂದು ಕಾಯ್ದೆಯಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಕೂಡಿ ಬಾಳಿದ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಕಾನೂನಿನ ದಾರಿ ಬಿಟ್ಟು ಅವಳನ್ನು ಹೊರಗೆ ಹಾಕುವಂತಿಲ್ಲ. ಆ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಸಿಗಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಆ ಕಚೇರಿಯ ದಾರಿ ಗೊತ್ತು. ನಡುರಾತ್ರಿ ಬಾಗಿಲಾಚೆ ದಬ್ಬಿಸಿಕೊಂಡವಳಿಗೆ ಈ ಎರಡು ವಾಕ್ಯ ಗೊತ್ತಿದ್ದರೆ ಸಾಕು, ಬೆಳಗಾಗುವ ಹೊತ್ತಿಗೆ ಕಾಲ ಕೆಳಗೆ ಸ್ವಲ್ಪವಾದರೂ ನೆಲ ಇರುತ್ತದೆ.

ಇನ್ನು ಹಣದ ಮಾತಿಗೆ ಬರುತ್ತೇನೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ನಿಗದಿ ಮಾಡಿತು. ಮನೆ 25 ಚದರ ಮೀಟರಿಗೆ ಕಡಿಮೆ ಇರಬಾರದು ಎಂದಿತು, ಅಂದರೆ ಸುಮಾರು 269 ಚದರಡಿ. ಭಾಗಿಸಿ ನೋಡಿ, ಚದರಡಿಗೆ 446 ರೂಪಾಯಿ ಬೀಳುತ್ತದೆ. ರಾಜ್ಯ ಸರ್ಕಾರ ಕೆಲವು ವರ್ಗದವರಿಗೆ ಇನ್ನೊಂದಿಷ್ಟು ಸೇರಿಸುವುದುಂಟು, ಸೇರಿಸಿಕೊಂಡೇ ಕೇಳುತ್ತೇನೆ: ಈ ದರಕ್ಕೆ ಮನೆ ಕಟ್ಟಿಕೊಡುವ ಮೇಸ್ತ್ರಿ ಕೊರಟಗೆರೆಯಲ್ಲಿದ್ದಾನೋ, ಶಿರಾದಲ್ಲಿದ್ದಾನೋ? ಆ ಹಣವಾದರೂ ಒಟ್ಟಿಗೆ ಬರುವುದಿಲ್ಲ. ಒಂದು ಹಂತ ಮುಗಿದು ಫೋಟೊ ಹೋದ ಮೇಲೆ ಮುಂದಿನ ಕಂತು. ಅಂದರೆ ಕೈಯಲ್ಲಿ ದುಡ್ಡಿದ್ದವನು ಮಾತ್ರ ಬಡವರ ಮನೆ ಕಟ್ಟಿಸಬಹುದು! ಇಲ್ಲದವರು ಏನು ಮಾಡುತ್ತಾರೆ? ಓಲೆ ಅಡವಿಡುತ್ತಾರೆ, ಸಂಘದ ಸಾಲ ಎತ್ತುತ್ತಾರೆ. ರಾಜ್ಯದ ವಸತಿ ಯೋಜನೆಗಳಲ್ಲಿ ಫಲಾನುಭವಿ ಸಾಮಾನ್ಯವಾಗಿ ಮಹಿಳೆಯೇ ಆಗಿರಬೇಕೆಂಬ ನಿಯಮವಿದೆ, ಒಳ್ಳೆಯ ನಿಯಮ. ಆದರೆ ಹಣ ಸಾಲದಿದ್ದರೆ ಮನೆಯ ಜೊತೆಗೆ ಸಾಲವೂ ಅವಳ ಹೆಸರಿಗೇ ಬರುತ್ತದೆ. ವಾರದ ಕಂತಿಗೆ ಬಾಗಿಲ ಮುಂದೆ ಬಂದು ನಿಲ್ಲುವವರು ಕೂಗುವುದು ಅವಳ ಹೆಸರನ್ನೇ.

2025ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಕಂತು ನಿಂತಿತೆಂದು ಮನೆಯನ್ನು ವಶಪಡಿಸಿಕೊಂಡಾಗ ಬಾಣಂತಿಯೂ ಎಳೆಗೂಸೂ ಬಯಲಿಗೆ ಬಂದರು. ಮುಂದಿನ ತಿಂಗಳೇ ಕಿರುಸಾಲ ವಸೂಲಿಯ ಹಿಂಸೆ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹಟ್ಟಿಯ ಬಾಣಂತಿಯನ್ನು ಕಟ್ಟಳೆ ಹೊರಗಿಟ್ಟಿತು, ಬೆಳಗಾವಿಯ ಬಾಣಂತಿಯನ್ನು ಸಾಲ ಹೊರಗಿಟ್ಟಿತು. ಮೊದಲನೆಯದನ್ನು ಮೂಢನಂಬಿಕೆ ಎಂದು ಬೈಯುತ್ತೇವೆ, ಎರಡನೆಯದನ್ನು ವ್ಯವಹಾರ ಎಂದು ಒಪ್ಪಿಕೊಳ್ಳುತ್ತೇವೆ. ಕೂಸಿಗೆ ತಗುಲುವ ಥಂಡಿ ಎರಡರಲ್ಲೂ ಒಂದೇ.

ಈಗ ನಮ್ಮ ಪೇಟೆಯ ಬೀದಿಗೇ ಬರೋಣ. ಮೂವತ್ತು ವರ್ಷದ ಹಿಂದೆ ಕೆಲಸದ ನಿಮಿತ್ತ ನಾನು ಮಧುಗಿರಿಯಲ್ಲಿ ಬಾಡಿಗೆ ಮನೆ ಹುಡುಕಬೇಕಾಯಿತು. ಒಂದು ಮನೆಯಲ್ಲಿ ಕಾಫಿ ಕೊಟ್ಟು ಕೂರಿಸಿದ ಹಿರಿಯಾಕೆ, ‘ಯಜಮಾನ್ರು ಯಾವಾಗ ಬರ್ತಾರೆ?’ ಎಂದು ಕೇಳಿದರು. ‘ನಾನೊಬ್ಬಳೇ ಇರೋದು ಅಮ್ಮ’ ಎಂದೆ. ‘ಅಯ್ಯೋ, ಹಾಗಾದ್ರೆ ಕಷ್ಟ ಕಣಮ್ಮ, ನಾವು ಸಂಸಾರಸ್ಥರಿಗೆ ಮಾತ್ರ ಕೊಡೋದು’ ಎಂದರು. ಇನ್ನೊಂದು ಮನೆಯಲ್ಲಿ ‘ಯಾವ ಜನ ನೀವು?’ ಎಂಬಲ್ಲಿಗೆ ಮಾತು ಮುಗಿಯಿತು. ಮತ್ತೊಂದರಲ್ಲಿ ಒಪ್ಪಿದರು, ಆದರೆ ಸಂಜೆ ಏಳರ ಮೇಲೆ ಯಾರೂ ಬರಕೂಡದು, ಅಣ್ಣ ತಮ್ಮ ಬಂದರೂ ಮೊದಲೇ ಹೇಳಬೇಕು ಎಂಬ ಕರಾರು. ನನಗೆ ಸಂಬಳವಿತ್ತು, ಕೊನೆಗೊಂದು ಮನೆ ಸಿಕ್ಕಿತು. ಸಂಬಳವಿಲ್ಲದವಳಿಗೆ, ಗಂಡನನ್ನು ಬಿಟ್ಟವಳಿಗೆ, ಮುಸ್ಲಿಮರ ಹುಡುಗಿಗೆ, ದಲಿತರ ನರ್ಸಮ್ಮನಿಗೆ ಎಷ್ಟು ಬಾಗಿಲು ತೆರೆದಾವು? ಇವತ್ತು ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಯುತ್ತಾರೆ. ಕೇಳುವ ಪ್ರಶ್ನೆ ಹಳೆಯದೇ, ಮಾತು ಮಾತ್ರ ನಯವಾಗಿದೆ.

ಮುಂಗಡದ ಹಣದ ಗೋಳು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದು ಎನ್ನುತ್ತದೆ. ಮಾದರಿ ಎಂದರೆ ರಾಜ್ಯ ಒಪ್ಪಿ ತಂದರೆ ಉಂಟು. ಆದರೆ ಮನೆಯ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿರುವ ನಾವು ಶಾಸನಸಭೆಗೆ ಕಾಯಬೇಕೇ? ಬೀಗದ ಕೈ ಸೆರಗಿನಲ್ಲಿ ಸಿಕ್ಕಿಸಿಕೊಂಡವರು ನಾವೇ ಅಲ್ಲವೇ? ಯಜಮಾನ್ರು ಎಲ್ಲಿ ಎಂದು ಕೇಳಿದ್ದೂ ಒಬ್ಬ ಹೆಂಗಸೇ.

ಇದಕ್ಕೆಲ್ಲ ಎದುರು ಬರುವ ಮಾತುಗಳು ಗೊತ್ತೇ ಇವೆ. ‘ಮೊದಲು ಸೂರು ಸಿಗಲಿ, ಹೆಸರು ಹಕ್ಕು ಆಮೇಲೆ ನೋಡೋಣ’ ಎನ್ನುತ್ತಾರೆ. ಆಮೇಲೆ ಎಂಬುದು ಹೆಂಗಸರ ಪಾಲಿಗೆ ಬರುವುದೇ ಇಲ್ಲ. ಖಾತೆ ಒಮ್ಮೆ ಒಬ್ಬನ ಹೆಸರಿಗೆ ಕೂತ ಮೇಲೆ ಅದನ್ನು ತಿದ್ದಿಸಲು ಒಂದು ಆಯುಷ್ಯ ಬೇಕು. ಕಾಗದ ಬರೆಯುವ ಗಳಿಗೆಯಲ್ಲೇ ಕೇಳಬೇಕು. ‘ಹೆಂಡತಿಯ ಹೆಸರು ಸೇರಿಸಿದರೆ ಸಂಸಾರದಲ್ಲಿ ಒಡಕು’ ಎನ್ನುತ್ತಾರೆ. ಒಂದು ಹೆಸರು ಬರೆದದ್ದಕ್ಕೆ ಒಡೆಯುವ ಸಂಸಾರ ಬರೆಯದಿದ್ದರೆ ಗಟ್ಟಿಯಾಗಿರುತ್ತದೆಯೇ? ಇನ್ನು, ‘ಸಂಪ್ರದಾಯ, ದೇವರ ಸಿಟ್ಟು’ ಎನ್ನುವವರು. ಅವರೊಡನೆ ಜಗಳವಾಡಿ ಪ್ರಯೋಜನವಿಲ್ಲ. ಹಟ್ಟಿಯ ಹೆಣ್ಣುಮಕ್ಕಳೇ, ಹಟ್ಟಿಯ ಸೊಸೆಯರೇ ಇದನ್ನು ಮುಗಿಸಬೇಕು. ನಾವು ಅವರ ಹಿಂದೆ ನಿಲ್ಲಬೇಕು. ಪೊಲೀಸರನ್ನು ಕರೆದುಕೊಂಡು ಹೋಗಿ ಒಂದು ದಿನ ಗುಡಿಸಲು ಕಿತ್ತು ಫೋಟೊ ತೆಗೆಸಿಕೊಂಡು ಬಂದರೆ, ಮರುದಿನ ಅವಳು ಒಬ್ಬಳೇ ಇರುತ್ತಾಳೆ.

ಸೂರು ಬೇಡುವುದು ಭಿಕ್ಷೆಯಲ್ಲ. ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಸತಿಯನ್ನು ಬದುಕುವ ಹಕ್ಕಿನ ಭಾಗವೆಂದೇ ಹೇಳಿತು. ಗಟ್ಟಿ ಗೋಡೆ, ಗಾಳಿ, ಬೆಳಕು, ನೀರು, ಶೌಚ, ದಾರಿ ಎಲ್ಲ ಸೇರಿದರೆ ವಸತಿ ಎಂದಿತು. ಅದಕ್ಕೆ ಇನ್ನೊಂದು ಮಾತು ಸೇರಿಸಿ ಎಂದು ನಾನು ಕೇಳುತ್ತಿದ್ದೇನೆ. ವರ್ಷದ 365 ದಿನವೂ, ಮುಟ್ಟಾದರೂ ಹೆತ್ತರೂ ವಿಧವೆಯಾದರೂ, ಅವಳು ಒಳಗೇ ಇರುವಂತಿರಬೇಕು.

ಆದ್ದರಿಂದ ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೂ ನಾಲ್ಕು ತಾಲ್ಲೂಕಿನ ತಹಸೀಲ್ದಾರರಿಗೂ ನಮ್ಮ ಮಹಿಳಾ ಸಂಘಗಳು ಕೊಡಬೇಕಾದ ಮನವಿ ಉದ್ದವೇನಿಲ್ಲ. ಹಟ್ಟಿ ತಾಂಡಾಗಳಲ್ಲಿ ಕೊಡುವ ಪ್ರತಿ ಹಕ್ಕುಪತ್ರದಲ್ಲಿ ಮನೆಯಾಕೆಯ ಹೆಸರು ಇರಲಿ, ಗಂಡನ ಜೊತೆಗಾದರೂ ಸರಿ. ಹೊರಗೆ ಕೂರಿಸುವ ಕಟ್ಟಡಕ್ಕೆ ಇನ್ನು ಒಂದು ಪೈಸೆಯೂ ಬೇಡ. ಇದ್ದ ಕಟ್ಟಡವನ್ನು ಹೆಣ್ಣುಮಕ್ಕಳ ಓದಿನ ಮನೆಯಾಗಿಯೋ ಅಂಗನವಾಡಿಯಾಗಿಯೋ ಬದಲಿಸಲಿ. ಬಚ್ಚಲು, ಶೌಚಾಲಯ ಇಲ್ಲದ ಮನೆಯನ್ನು ಪೂರ್ಣಗೊಂಡಿತು ಎಂದು ಬರೆಯದಿರಲಿ. ಮೊದಲ ಕಂತು ತಳಪಾಯಕ್ಕೆ ಮುಂಚೆಯೇ, ತಳಪಾಯಕ್ಕೆ ಸಾಕಾಗುವಷ್ಟು ಬರಲಿ.

ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭ. ನಾಳೆ ಪಂಚಾಯಿತಿಗೋ ಪುರಸಭೆಗೋ ಹೋಗಿ, ನೀವಿರುವ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ಒಂದು ನಕಲು ತೆಗೆಸಿ. ಅಣ್ಣ ಸಹಿ ಕೇಳಿದರೆ, ಪತ್ರವನ್ನು ಓದಿಸಿ ಕೇಳಿದ ಮೇಲೆ ನೋಡೋಣ ಎನ್ನಿ. ಬಾಡಿಗೆ ಕೇಳಿಕೊಂಡು ಒಬ್ಬಳೇ ಹೆಣ್ಣುಮಗಳು ಬಂದರೆ, ಯಜಮಾನರನ್ನೂ ಜಾತಿಯನ್ನೂ ಕೇಳದೆ ಬಾಡಿಗೆ ಎಷ್ಟು ಎಂಬುದನ್ನು ಮಾತ್ರ ಹೇಳಿ, ಕೋಣೆ ತೋರಿಸಿ. ಎರಡು ತಿಂಗಳ ಮುಂಗಡ ಸಾಕು ಎನ್ನಿ.